ಖುರ್ಷೀದಾಪಾಗೆ ಅಡುಗೆ ಕಲಿಸಿದವರು ಯಾರು?

ಖುರ್ಷೀದಾಪಾ ಮಾಡಿದ ಕೋರ್ಮಾ ಚೆನ್ನಾಗಿಲ್ಲ ಎಂದವರನ್ನು ನಾನು ಸ್ಟರ್ಲಿಂಗ್‌ನಲ್ಲಿ ಇದುವರೆಗೆ ಕಂಡಿಲ್ಲ. ಖುರ್ಷೀದಾಪಾ ನಮ್ಮ ಸಮಕ್ಕೆ ಬರುವವರಲ್ಲ ಎಂದವರನ್ನು ಕಂಡಿದ್ದೇನೆ, ಅದೂ ಆ ಕೋರ್ಮಾ ಇನ್ನೂ ಬಾಯಲ್ಲಿರುವಾಗಲೇ. ಸುಮ್ಮನೆ ಕೆಟ್ಟವರಾಗಿರುವವರನ್ನು ನಾನು ಹೇಗೋ ಸಹಿಸಿಕೊಳ್ಳುತ್ತೇನೆ. ತಿನ್ನುತ್ತಾ ತಿನ್ನುತ್ತಾ ಕೆಟ್ಟವರಾಗುವವರನ್ನು ಕಂಡರೆ ಮೈ ಉರಿಯುತ್ತದೆ.

ನಾನು ವಜೀಹಾ, ಮೈಸೂರಿನ ಮಂಡಿ ಮೊಹಲ್ಲಾದವಳು. ನನ್ನ ಗಂಡ ಹಫೀಜುಲ್ಲಾ ಡೇಟಾ ಸೆಂಟರೊಂದರಲ್ಲಿ ಕೆಲಸ ಮಾಡುತ್ತಾನೆ. ಅಮೆರಿಕದ ನಮ್ಮ ಈ ಸ್ಟರ್ಲಿಂಗ್‌ನಲ್ಲಿ ಮರ ಕಡಿದ ಕಡೆಯೆಲ್ಲ ಒಂದೊಂದು ಡೇಟಾ ಸೆಂಟರ್ ಎದ್ದಿದೆ. ನಮ್ಮ ಮಸೀದಿಗೆ ಬರುವವರಲ್ಲಿ ಹೆಚ್ಚಿನವರು ಪಾಕಿಸ್ತಾನದವರು. ಅವರಿಗೆ ನಾನು ‘ಇಂಡಿಯಾದವಳು’, ಕನ್ನಡ ಕೂಟದ ಕೆಲವರಿಗೆ ‘ಅವರ ಪೈಕಿ’. ಎರಡೂ ಕಡೆಯವರು ಪ್ರೀತಿಯಿಂದ ಊಟಕ್ಕೆ ಕರೆಯುತ್ತಾರೆ, ಕೈ ತೊಳೆದ ಮೇಲೆ ಕ್ರಿಕೆಟ್ಟಿನ ನೆಪದಲ್ಲಿ ನನ್ನ ದೇಶಭಕ್ತಿಯ ಪರೀಕ್ಷೆ ಇಡುತ್ತಾರೆ. ಇವರಲ್ಲಿ ಯಾರ ಮನೆಗೂ ನಾನು ಹೆಚ್ಚು ಹೋಗುವವಳಲ್ಲ. ಹೋಗುತ್ತಿದ್ದುದು ಗೋಡೆಯಾಚೆಯ ಖುರ್ಷೀದಾಪಾ, ಅಂದರೆ ಖುರ್ಷೀದಕ್ಕನ ಮನೆಗೆ. ಅವರು ಆಡಿದ ಉರ್ದು, ಪಂಜಾಬಿಯನ್ನೆಲ್ಲ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಖುರ್ಷೀದಾಪಾ ಗುಜ್ರಾನ್‌ವಾಲಾ ಹತ್ತಿರದ ಹಳ್ಳಿಯವರು. ಇಲ್ಲೇ ಹತ್ತಿರದ ಡಲ್ಲಸ್ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ರಫೀಕ್ ಭಾಯಿಯನ್ನು ಮದುವೆಯಾಗಿ ಬಂದವರು. ಸ್ಕೂಲಿನ ಕೆಫೆಟೀರಿಯಾದಲ್ಲಿ ಮಕ್ಕಳ ತಟ್ಟೆಗೆ ಪಿಜ್ಜಾ ಹಾಕುವ ಕೆಲಸ. ‘ಇದನ್ನ ಅಡುಗೆ ಅಂದವರ ಬಾಯಿಗೆ ಮಣ್ಣು ಹಾಕ’ ಎಂದು ದಿನಾ ಬೈದುಕೊಂಡೇ ಹೋಗುತ್ತಿದ್ದರು. ದೊಡ್ಡ ಗಂಟಲು, ದೊಡ್ಡ ನಗು. ಸಂತರೇನಲ್ಲ. ವಯಸ್ಸು ಕೇಳಿದರೆ ಸುಳ್ಳು ಹೇಳುತ್ತಿದ್ದರು, ಇನ್ನೊಬ್ಬರ ಮನೆ ಸುದ್ದಿ ಸಿಕ್ಕರೆ ಹಬ್ಬ ಮಾಡುತ್ತಿದ್ದರು, ನನ್ನ ಬಿರಿಯಾನಿಯನ್ನು ‘ಅನ್ನ’ ಎಂದೇ ಕರೆಯುತ್ತಿದ್ದರು. ಒಂದು ವಿಚಿತ್ರವೆಂದರೆ ಜುಲೈ ಸೆಖೆಯಲ್ಲೂ, ಮನೆಯೊಳಗೂ ಉದ್ದ ತೋಳಿನ ಅಂಗಿ. ಒಮ್ಮೆ ಪಾತ್ರೆ ತೊಳೆಯುವಾಗ ತೋಳು ಸರಿದು ಬಲ ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಕಲೆ ಕಂಡಿತು. ನಾನು ನೋಡಿದ್ದು ಗೊತ್ತಾಗಿ, ಒದ್ದೆ ಕೈಯಲ್ಲೇ ತೋಳನ್ನು ಕೆಳಗೆಳೆದುಕೊಂಡರು.

ಮನೆತನದ ಹೆಸರು ರಾಣಾ. ಅಂದರೆ ರಜಪೂತರು. ‘ನಮ್ಮ ಪೂರ್ವಜರು ಕತ್ತಿ ಹಿಡಿದವರು’ ಎಂದು ರಫೀಕ್ ಭಾಯಿ ಆಗಾಗ ಹೇಳುತ್ತಿದ್ದರು. ಕೇಳಿ ಎಲ್ಲರೂ ತಲೆಯಾಡಿಸುತ್ತಿದ್ದರು, ಯಾಕೆಂದರೆ ಕೇಳುತ್ತಿದ್ದ ಅರ್ಧ ಜನರ ಪೂರ್ವಜರು, ಇವರು ಅಮೆರಿಕಕ್ಕೆ ವಿಮಾನ ಹತ್ತಿದ ಮೇಲೆಯೇ ಕತ್ತಿ ಹಿಡಿದವರು. ಅವರಲ್ಲೇ ಒಂದು ಗಾದೆಯಿದೆ: ಹೋದ ವರ್ಷ ನೇಕಾರನಾಗಿದ್ದೆ, ಈ ವರ್ಷ ಶೇಖ್ ಆಗಿದ್ದೇನೆ, ಬೆಳೆ ಚೆನ್ನಾಗಿ ಬಂದರೆ ಬರುವ ವರ್ಷ ಸಯ್ಯದ್ ಆಗುತ್ತೇನೆ. ನಮ್ಮ ಮೈಸೂರಿನವರೇನೂ ಸಾಚಾ ಅಲ್ಲ. ನನ್ನ ಮದುವೆಗೆ ಮುಂಚೆ ನಮ್ಮ ಸೋದರತ್ತೆ, ಹಫೀಜುಲ್ಲಾ ಮನೆಯವರು ಹತ್ತಿ ಹಿಂಜುವ ಪಿಂಜಾರರಿರಬಹುದೇ ಎಂದು ಅವರ ಬೀದಿಯ ಹಾಲಿನವನನ್ನೂ ಬಿಡದೆ ವಿಚಾರಿಸಿ ಬಂದಿದ್ದರು.

2020ರ ಏಪ್ರಿಲ್‌ನಲ್ಲಿ ರಫೀಕ್ ಭಾಯಿ ಕೋವಿಡ್‌ನಲ್ಲಿ ಹೋದರು. ಜನಾಜಾಕ್ಕೆ ಬೆರಳೆಣಿಕೆಯ ಜನ. ಇದ್ದತ್ ಎಂದು ಮನೆಯಲ್ಲಿ ಕೂರಬೇಕಾದ ಹೆಂಗಸು, ಕೂತಲ್ಲಿ ಕೂರಲಾರದೆ, ತಮ್ಮ ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಹೂಡಿ ಕಾಯಿಲೆ ಬಿದ್ದ ಮನೆಗಳಿಗೆ ಅಡುಗೆ ಮಾಡತೊಡಗಿದರು. ಡಬ್ಬಿಗಳನ್ನು ಮಗಳು ರಮ್ಶಾ ಕಾರಿನಲ್ಲಿ ಒಯ್ದು ಬಾಗಿಲಲ್ಲಿಟ್ಟು ಬರುತ್ತಿದ್ದಳು. ಪಕ್ಕದ ಊರು ಆಲ್ಡಿಯ ತಲತ್ ವರೈಚ್ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದ್ದಾಗ ಅವರ ಬಾಗಿಲಿಗೂ ಹೋಯಿತು. ಯಖ್ನಿ ಎಂಬ ಮೂಳೆಸಾರು, ಖಿಚಡಿ, ಕೊನೆಗೆ ಬಾಯಿಗೆ ರುಚಿ ಹತ್ತಲೆಂದು ಕೋರ್ಮಾ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ ನಮ್ಮಲ್ಲಿ. ತಲತ್ ಮುಪ್ಪಿನ ತನಕ ಹೋಗಬೇಕಿರಲಿಲ್ಲ, ಮೂರು ವರ್ಷ ನೆನೆದಿದ್ದರೂ ಸಾಕಿತ್ತು.

ಈ ತಲತ್ ಬಗ್ಗೆ ಹೇಳಲೇಬೇಕು. ಅವರದು ಜಮೀನುದಾರ ಜಾಟರ ಮನೆತನ. ಆಲ್ಡಿಯ ಹೊಸ ಬಡಾವಣೆಯಲ್ಲಿ ದೊಡ್ಡ ಮನೆ, ಅದರಲ್ಲಿ ಎರಡು ಅಡುಗೆಮನೆ: ಒಂದು ತೋರಿಸುವುದಕ್ಕೆ, ಇನ್ನೊಂದು ಬೇಯಿಸುವುದಕ್ಕೆ. ಭಾನುವಾರ ಮಸೀದಿಯಲ್ಲಿ ಹೆಂಗಸರಿಗೆ ಪಾಠ. ಚರ್ಚಿನವರನ್ನೂ ಯಹೂದ್ಯರ ಸಿನಗಾಗಿನವರನ್ನೂ ಕರೆದು ಸಭೆ ಮಾಡಿದಾಗ ಸಮಾನತೆಯ ಮೇಲೆ ಭಾಷಣ ಮಾಡುವವರು ಇವರೇ. ‘ನಮ್ಮಲ್ಲಿ ರಾಜ, ಸೇವಕ ಒಂದೇ ಸಾಲಲ್ಲಿ ನಿಲ್ತಾರೆ’ ಎನ್ನುವಾಗ ಕಣ್ಣಲ್ಲಿ ನೀರು ಬರುತ್ತದೆ, ಕೇಳುವ ಅಮೆರಿಕನ್ ಹೆಂಗಸರ ಕಣ್ಣಲ್ಲೂ ಬರುತ್ತದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ತಲತ್ ಮಗ ದಾನಿಯಾಲ್ ಮತ್ತು ರಮ್ಶಾ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅವನು ಸೈಬರ್ ಸೆಕ್ಯುರಿಟಿ, ಇವಳು ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆಯವರನ್ನು ನೋಡಿಕೊಳ್ಳುವ ಥೆರಪಿಸ್ಟ್. ಇಬ್ಬರಿಗೂ ಮನಸ್ಸಿತ್ತು. ರಾಣಾ ಎಂಬ ಹೆಸರನ್ನು ಅಳೆದು ತೂಗಿ ನೋಡಿ ತಲತ್ ಒಪ್ಪಿದರು. ಜಾಟರಿಗೆ ರಜಪೂತರಾದರೆ ನಡೆಯುತ್ತದಂತೆ. ಖುರ್ಷೀದಾಪಾ ಆ ವಾರವಿಡೀ ನಡೆಯಲಿಲ್ಲ, ಹಾರಾಡಿದರು. ಟ್ಯಾಕ್ಸಿಯವನ ಮಗಳು ಆಲ್ಡಿಗೆ ಸೊಸೆಯಾಗಿ ಹೋಗುವುದೆಂದರೆ ಸುಮ್ಮನೆಯೇ? ರಮ್ಶಾ ಕೂಡ ಅವನನ್ನು ನಿಜವಾಗಿ ಪ್ರೀತಿಸುತ್ತಿದ್ದಳು. ಅದಂತೂ ಅವಳ ಮುಖ ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಹೀಗಿರುವಾಗ 2023ರ ರಂಜಾನ್ ಬಂತು. ಒಂದು ಶನಿವಾರದ ಇಫ್ತಾರ್‌ಗೆ ಕೇಟರಿಂಗ್‌ನವರು ಕೈಕೊಟ್ಟರು. ಖುರ್ಷೀದಾಪಾ ತಾವೇ ಮುಂದೆ ಬಂದು ಮಸೀದಿಯ ಪಾರ್ಕಿಂಗ್ ಲಾಟ್‌ನಲ್ಲಿ ದೇಗ್ ಇಟ್ಟರು. ದೇಗ್ ಎಂದರೆ ನಮ್ಮ ಮದುವೆಮನೆಯ ಕೊಪ್ಪರಿಗೆ, ಬಾಯಿ ಮಾತ್ರ ಕಿರಿದು. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಉಫ್ ಎಂದು ಊದಿ, ಸೌಟಿನಿಂದ ಅಂಚಿಗೆ ತಟ್ಟಿ, ಯಾರನ್ನೂ ಹತ್ತಿರ ಬಿಡದೆ ಕೋರ್ಮಾ ಮಾಡಿದರು. ಉಪವಾಸ ಬಿಟ್ಟ ಜನ ಮಾತು ನಿಲ್ಲಿಸಿ ತಿಂದರು.

“ಖುರ್ಷೀದ್, ಕೈ ಕೊಡಿ ಇಲ್ಲಿ, ಮುತ್ತು ಕೊಡ್ಬೇಕು,” ಎಂದರು ತಲತ್, ಹೆಂಗಸರೆಲ್ಲರ ನಡುವೆ. “ಲಾಹೋರ್‌ನಲ್ಲೂ ಇಂಥಾದ್ದು ತಿಂದಿಲ್ಲ, ಐ ಸ್ವೇರ್. ಯಾರು ಕಲ್ಸಿದ್ದು? ಅಮ್ಮಾನಾ?”

“ಅಮ್ಮಂಗೆ ಎಲ್ಲಿ ಬರ್ತಿತ್ತು!” ಖುರ್ಷೀದಾಪಾ ಗೆದ್ದ ಖುಷಿಯಲ್ಲಿದ್ದರು. “ನಮ್ಮ ಅಬ್ಬಾಜಿ ಕಲ್ಸಿದ್ದು. ದೇಗ್ ಅಂದ್ರೆ ನಮ್ಮ ಅಬ್ಬಾಜಿನೇ.”

ಕೈಗಳು ತಟ್ಟೆಯಲ್ಲೇ ನಿಂತವು. ಒಬ್ಬಾಕೆ ಇನ್ನೊಬ್ಬಾಕೆಯ ಮುಖ ನೋಡಿದಳು. ನನಗೆ ಏನೂ ಅರ್ಥವಾಗಲಿಲ್ಲ. “ಹೌ ನೈಸ್! ನಮ್ಮಪ್ಪಂಗೆ ಸ್ಟವ್ ಹಚ್ಚೋಕೂ ಬರಲ್ಲ,” ಎಂದೆ. ಯಾರೂ ನಗಲಿಲ್ಲ. ತಲತ್ ಟಿಶ್ಯೂ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಹಾಗೆಂದು ತಟ್ಟೆಯನ್ನೇನೂ ಬಿಡಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಖುರ್ಷೀದಾಪಾ ಹಣೆ ಚಚ್ಚಿಕೊಂಡರು. “ನನ್ನ ನಾಲಿಗೆ ಕತ್ತರಿಸಿ ಹಾಕ್ಬೇಕು ವಜೀಹಾ. ಇಷ್ಟು ವರ್ಷ ಕಾಪಾಡ್ಕೊಂಡು ಬಂದು ಕೋರ್ಮಾ ಹೊಗಳಿದ್ರು ಅಂತ ಬಾಯಿಬಿಟ್ಟೆನಲ್ಲ.”

ಆಗ ಅವರೇ ಬಿಡಿಸಿ ಹೇಳಿದರು. ಅವರ ಕಡೆಯ ಹಳ್ಳಿಗಳಲ್ಲಿ ಮನೆಯ ಅಡುಗೆ ಹೆಂಗಸರದು. ಮದುವೆ, ಸಾವಿನ ದೇಗ್ ಗಂಡಸರದು, ಆದರೆ ಎಲ್ಲ ಗಂಡಸರದಲ್ಲ, ಕ್ಷೌರಿಕರದು ಮಾತ್ರ. ಗಡ್ಡ ಹೆರೆಯುವುದು, ಹುಡುಗರ ಮುಂಜಿ ಮಾಡುವುದು, ಮದುವೆ ಸುದ್ದಿ ಊರೂರಿಗೆ ಮುಟ್ಟಿಸುವುದು, ದೇಗ್ ಇಳಿಸುವುದು, ಎಲ್ಲ ಅವರದೇ. ನಮ್ಮ ಕಡೆ ಆಯಗಾರರು ಇದ್ದ ಹಾಗೆ. ನಮ್ಮಲ್ಲಿ ಆ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಹಾಗೆ ಅಲ್ಲೂ ಮಾಡಿಕೊಂಡಿದ್ದಾರೆ. ಹಾಗಾಗಿ ಪಂಜಾಬಿನ ಹೆಣ್ಣೊಬ್ಬಳು ದೇಗ್‌ನ ಅಡುಗೆ ಅಪ್ಪ ಕಲಿಸಿದ್ದು ಎಂದಳೆಂದರೆ, ಅವಳಪ್ಪ ಯಾರೆಂದು ಕೂತವರಿಗೆ ಗೊತ್ತಾಗಿಹೋಗುತ್ತದೆ. ಅಮ್ಮ ಕಲಿಸಿದ್ದು ಎಂದಿದ್ದರೆ, ಇಲ್ಲಿಗೆ ಬಂದ ಮೇಲೆ ಹಚ್ಚಿಕೊಂಡ ರಾಣಾ ಹೆಸರಿನಲ್ಲಿ ರಜಪೂತರಾಗಿಯೇ ಉಳಿಯುತ್ತಿದ್ದರು.

“ನಮ್ಮಪ್ಪ ಕರಮ್‌ದೀನ್ ಅಂದ್ರೆ ಸುತ್ತ ಊರಿಗೆಲ್ಲ ಗೊತ್ತು,” ಎಂದರು. “ಗಂಡು ಮಕ್ಕಳಿರ್ಲಿಲ್ಲ. ನನ್ನೇ ಕರ್ಕೊಂಡು ಹೋಗ್ತಿದ್ರು. ಒಂದ್ಸಲ ಮುಚ್ಚಳ ತೆಗೆಯೋವಾಗ ಹಬೆ ಹೊಡೀತು ನೋಡು, ಈ ಕೈಗೆ. ನನ್ನ ಎಳೆಯೋಕೆ ಬಂದು ಅವರ ಕೈನೂ ಬೆಂದುಹೋಯ್ತು. ಇಬ್ರಿಗೂ ಒಂದೇ ಕಲೆ.”

ಈ ವಿಷಯವನ್ನು ನಾನು ಹೆಸರು ಹೇಳದೆ ಸೌಮ್ಯಾಗೆ ಹೇಳಿದೆ. ಸೌಮ್ಯಾ ಬಾಗಲಕೋಟೆಯ ಇಂಜಿನಿಯರ್, ನನ್ನ ವಾಕಿಂಗ್ ಜೊತೆಗಾತಿ. “ನಿಮ್ಮಲ್ಲೂ ಜಾತಿ ಇದ್ಯಾ?” ಎಂದಳು. ಅವಳ ಮುಖದಲ್ಲಿ ಎಂಥ ನೆಮ್ಮದಿ! ಅದೇ ಸೌಮ್ಯಾ ತಮ್ಮನಿಗೆ ಹೆಣ್ಣು ಬೇಕೆಂದು ವಾಟ್ಸಾಪ್‌ನಲ್ಲಿ ಹಾಕಿದ್ದ ಮೆಸೇಜಿನಲ್ಲಿ ಒಳಪಂಗಡದ ಹೆಸರು ದಪ್ಪ ಅಕ್ಷರದಲ್ಲಿತ್ತು.

ಎರಡು ವಾರ ತಲತ್ ಫೋನ್ ಎತ್ತಲಿಲ್ಲ. ಆಮೇಲೆ ಒಂದು ದಿನ ತಾವೇ ಮಿಠಾಯಿ ಡಬ್ಬಿ ಹಿಡಿದು ಖುರ್ಷೀದಾಪಾ ಮನೆಗೆ ಬಂದರು. ನಾನು ಅಲ್ಲೇ ಇದ್ದೆ. ಎದ್ದು ಹೋಗಲಿ ಎಂದು ನನ್ನ ಕಡೆ ನೋಡಿದರು; ನಾನು ಇನ್ನೊಂದು ಕಪ್ ಚಹಾ ಬಗ್ಗಿಸಿಕೊಂಡೆ.

“ನಂಗೇನೂ ಪ್ರಾಬ್ಲಮ್ ಇಲ್ಲ ಖುರ್ಷೀದ್, ಟ್ರಸ್ಟ್ ಮಿ. ಅಲ್ಲಾಹನ ಮುಂದೆ ಎಲ್ರೂ ಒಂದೇ,” ಎಂದರು. “ಆದ್ರೆ ಜನ ಇದಾರಲ್ಲ. ನಾಳೆ ನನ್ನ ಮಗಳಿಗೆ ರಿಷ್ತಾ ಬಂದಾಗ ನಾಲ್ಕು ಜನ ಏನಂತಾರೆ? ದಾನಿಯಾಲ್ ಹಠ ಹಿಡಿದು ಕೂತಿದಾನೆ, ರಮ್ಶಾನೇ ಬೇಕು ಅಂತ. ಸೋ ನಾನು ಯೋಚ್ನೆ ಮಾಡಿದೀನಿ. ಮಂಗ್ನಿ ನಮ್ಮ ಮನೇಲಿ ಇಟ್ಕೊಳೋಣ. ದೇಗ್ ನೀವೇ ಮಾಡಿ. ಎಲ್ರೂ ಹೊಗಳ್ತಾರೆ. ನಾನು ಅವತ್ತು ಕೇಳಿದ ಪ್ರಶ್ನೇನೇ ಎಲ್ರ ಮುಂದೆ ಮತ್ತೆ ಕೇಳ್ತೀನಿ. ನೀವು ಹೇಳಿ, ಅಬ್ಬಾಜಿಗೆ ಜಮೀನಿತ್ತು, ಬೇಟೆ ಶೋಕಿ, ಅಡುಗೆ ಶೋಕಿ, ಆಳುಗಳನ್ನ ನಿಲ್ಲಿಸ್ಕೊಂಡು ಮಾಡಿಸ್ತಿದ್ರು ಅಂತ. ದಟ್ಸ್ ಇಟ್. ಎಲ್ಲ ಸರಿಹೋಗತ್ತೆ.”

ಅದೇ ಸೌಟು, ಅದೇ ಕೋರ್ಮಾ. ಜಮೀನಿದ್ದವನು ಮಾಡಿದರೆ ಶೋಕಿ, ಇಲ್ಲದವನು ಮಾಡಿದರೆ ಕುಲಗೇಡು. ಗೊತ್ತಿರುವುದು ಇವರಿಗೆ ತೊಂದರೆಯಲ್ಲ, ಗೊತ್ತಿದೆ ಎಂದು ನಾಲ್ಕು ಜನಕ್ಕೆ ಗೊತ್ತಾಗಿರುವುದು ತೊಂದರೆ. ಆ ನಾಲ್ಕು ಜನ ಯಾರು ಎಂದು ಹುಡುಕಿದರೆ ಒಬ್ಬರು ತಲತ್ ಅವರೇ.

ತಲತ್ ಹೋದ ಮೇಲೆ ನಾನು ಕೂಗಾಡಿದೆ. ಖುರ್ಷೀದಾಪಾ ಮಿಠಾಯಿಯನ್ನು ಫ್ರಿಜ್‌ಗೆ ಇಡುತ್ತಾ, “ಮಗಳ ಮುಂದೆ ನಂದೇನು?” ಎಂದರು. “ಒಂದು ಸುಳ್ಳು ತಾನೇ? ಡಲ್ಲಸ್‌ನಲ್ಲಿ ಇಳಿದ ದಿನದಿಂದ ಹೇಳ್ತಾನೇ ಇದೀನಿ. ಇನ್ನೊಂದು ಹೇಳಿದ್ರೆ ಸತ್ತುಹೋಗ್ತೀನಾ? ರಮ್ಶಾಗೆ ಮಾತ್ರ ಹೇಳ್ಬೇಡ. ಅವಳಿಗೆ ಅವಳ ನಾನಾಜಿ, ನಮ್ಮ ಅಬ್ಬಾಜಿ ಅಂದ್ರೆ ಪ್ರಾಣ.”

ಆಗಸ್ಟ್‌ನ ಒಂದು ಶನಿವಾರ ಮಧ್ಯಾಹ್ನ ಮಂಗ್ನಿ, ಅಂದರೆ ನಿಶ್ಚಿತಾರ್ಥ. ಆಲ್ಡಿಯ ಆ ಮನೆಯ ಹಿಂದಿನ ಹುಲ್ಲಿನ ಮೇಲೆ ಬಿಳಿ ಶಾಮಿಯಾನ. ಹುಡುಗಿಯ ತಾಯಿ ಬೆಳಗಿನಿಂದ ರೇಷ್ಮೆ ಕಮೀಜ್ ಮೇಲೆ ಏಪ್ರನ್ ಕಟ್ಟಿಕೊಂಡು ಬೇಲಿಯ ಪಕ್ಕ ದೇಗ್‌ನ ಮುಂದೆ ಬೆವರುತ್ತಿದ್ದರು. ಉದ್ದ ತೋಳು ಮುಂಗೈವರೆಗೆ ಗುಂಡಿ ಹಾಕಿತ್ತು. ಬಂದವರೆಲ್ಲ ಮೂಗೆಳೆದು ‘ವಾಹ್’ ಎನ್ನುತ್ತಿದ್ದರು, ದೇಗ್ ಕಡೆ ನೋಡಿ ಪಿಸುಗುಟ್ಟುತ್ತಿದ್ದರು. ಉಂಗುರ ತೊಡಿಸಿದ್ದಾಯಿತು. ದಾನಿಯಾಲ್ ನಾಚಿಕೊಂಡು ನಗುತ್ತಿದ್ದ. ಆ ಹೊತ್ತಿಗೆ ಒಳ್ಳೆಯ ಹುಡುಗನಂತೆಯೇ ಕಾಣುತ್ತಿದ್ದ.

ಊಟಕ್ಕೆ ಮುಂಚೆ ತಲತ್ ಹೆಂಗಸರನ್ನೆಲ್ಲ ದೇಗ್ ಬಳಿಗೆ ಸೇರಿಸಿದರು. “ಹೇಳಿ ಖುರ್ಷೀದ್, ಈ ಆರ್ಟ್ ಎಲ್ಲಿಂದ ಬಂತು?” ಎಂದು ಸಭೆಯಲ್ಲಿ ಮೈಕ್ ಹಿಡಿದವರ ದನಿಯಲ್ಲಿ ಕೇಳಿದರು.

“ನಮ್ಮ ಅಬ್ಬಾಜಿಗೆ ಜಮೀನಿತ್ತು,” ಎಂದರು ಖುರ್ಷೀದಾಪಾ, ಪಾಠ ಒಪ್ಪಿಸುವ ಮಗುವಿನಂತೆ. “ಅಡುಗೆ ಅಂದ್ರೆ ಶೋಕಿ. ಆಳುಗಳ ಕೈಲಿ ಮಾಡಿಸ್ತಿದ್ರು. ನೋಡಿ ನೋಡಿ ಕಲ್ತೆ.”

“ಸೀ?” ಎಂದರು ತಲತ್ ಎಲ್ಲರ ಕಡೆ ತಿರುಗಿ. ಯಾರೂ ನಂಬಲಿಲ್ಲ, ಎಲ್ಲರೂ ಒಪ್ಪಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನೋಡಿದ್ದೇನೆ, ಬೆಕ್ಕುಗಳ ಹಿಂಡೇ ಒಟ್ಟಿಗೆ ಕಣ್ಣು ಮುಚ್ಚಿದ್ದನ್ನು ಅವತ್ತೇ ನೋಡಿದ್ದು. ಖುರ್ಷೀದಾಪಾ ಮುಖ ಬಿಳಿಚಿಕೊಂಡಿತ್ತು. ಆದರೂ ಮುಗಿಯಿತು, ಮಗಳ ಮದುವೆ ಗಟ್ಟಿಯಾಯಿತು ಎಂಬ ಸಮಾಧಾನವೂ ಅದರಲ್ಲಿತ್ತು.

ಅಷ್ಟರಲ್ಲಿ ರಮ್ಶಾ ಲೆಹಂಗಾ ಎತ್ತಿ ಹಿಡಿದು ಫೋನ್ ಆಚೆ ಚಾಚಿಕೊಂಡು ಓಡಿಬಂದಳು. “ಅಮ್ಮೀ, ನಾನಾಜಿ ವೀಡಿಯೋಲಿ ಇದಾರೆ! ಐ ಪ್ರಾಮಿಸ್ಡ್ ಹಿಮ್. ವಜೀಹಾ ಆಂಟಿ, ಹಿಡ್ಕೊಳಿ ಪ್ಲೀಸ್, ಎಲ್ರನ್ನೂ ತೋರ್ಸಿ.”

ಫೋನ್ ನನ್ನ ಕೈಗೆ ಬಂತು. ಅಲ್ಲಿ ರಾತ್ರಿಯಾಗಿತ್ತು. ಟ್ಯೂಬ್‌ಲೈಟಿನ ಕೆಳಗೆ ತೊಳೆದ ಬಿಳಿ ಕುರ್ತಾ, ಹೆನ್ನಾ ಹಚ್ಚಿದ ಗಡ್ಡ, ಕ್ಯಾಮೆರಾಕ್ಕೆ ತೀರ ಹತ್ತಿರ ತಂದ ಮುಖ. ಮುದುಕರು ನಗುತ್ತಾ ಕೈಯೆತ್ತಿ ಎಲ್ಲರಿಗೂ ಸಲಾಂ ಮಾಡಿದರು. ಕುರ್ತಾದ ತೋಳು ಮೊಣಕೈವರೆಗೆ ಮಡಿಚಿತ್ತು, ಕಲೆ ಕಾಣುತ್ತಿತ್ತು.

ತಲತ್ ಅಲ್ಲಿಗೇ ಬಿಡಬಹುದಿತ್ತು. ಆದರೆ ಸುಳ್ಳಿಗೆ ಇನ್ನೊಂದು ಮೊಳೆ ಹೊಡೆಯುವ ಅವಕಾಶವನ್ನು ಬಿಡುವ ಹೆಂಗಸೇ ಅವರು? “ಚಾಚಾಜಿ, ಸಲಾಂ!” ಎಂದು ನನ್ನ ಭುಜದ ಮೇಲಿಂದ ಬಗ್ಗಿದರು. “ನಿಮ್ಮ ವಿಷ್ಯಾನೇ ಮಾತಾಡ್ತಿದ್ವಿ. ಜಮೀನ್ದಾರ್ರಿಗೆ ಇಂಥಾ ಅಡುಗೆ ಶೋಕಿ ಹೇಗೆ ಬಂತು ಅಂತ! ನೀವೇ ಹೇಳಿ, ಎಲ್ರೂ ಕೇಳ್ತಿದಾರೆ.”

ಮುದುಕರ ನಗು ಅಲ್ಲೇ ನಿಂತಿತು. ನಾನು ಆ ಮುಖವನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದೆ, ಬೇರೆಯವರಿಗೆ ಕಂಡದ್ದಕ್ಕಿಂತ ಹೆಚ್ಚು ನನಗೆ ಕಂಡಿತು. ಅವರು ಶಾಮಿಯಾನ ನೋಡಿದರು, ಹೆಂಗಸರನ್ನು ನೋಡಿದರು, ದೇಗ್ ಪಕ್ಕದಲ್ಲಿ ತಲೆ ತಗ್ಗಿಸಿದ್ದ ಮಗಳನ್ನು ನೋಡಿದರು. ಜೀವಮಾನವಿಡೀ ಇಂಥವರ ಮನೆ ಬಾಗಿಲಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಧಾನವಾಗಿ ಬಲಗೈಯ ತೋಳನ್ನು ಕೆಳಗೆಳೆದುಕೊಂಡರು, ಕಲೆ ಮುಚ್ಚುವವರೆಗೆ.

“ಹೌದು ಬೀಬಿ,” ಎಂದರು. “ಅಡುಗೆಯೋರು ಬೇರೆ ಇದ್ರು, ಹಜಾಮ್ರು. ನಾವು ಕುರ್ಚಿ ಹಾಕ್ಕೊಂಡು ಕೂತ್ಕೊಂಡು ಹೇಳ್ತಿದ್ವಿ, ಅವರು ಮಾಡ್ತಿದ್ರು. ಅಂಥವರ ಕೈಗೆ ಏನು ಗೊತ್ತಾಗತ್ತೆ? ಹೇಳಿ ಮಾಡಿಸ್ಬೇಕು.”

ಹೆಂಗಸರು ನಕ್ಕರು. ತಲತ್ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ಆ ಫೋನನ್ನು ಅವರ ನಗುವ ಬಾಯಿಗೇ ತುರುಕಬೇಕೆನಿಸಿತು.

ಖುರ್ಷೀದಾಪಾ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

“ಅಬ್ಬಾಜಿ, ಸಾಕು. ನಾನು ಸುಳ್ಳು ಹೇಳ್ತೀನಿ, ನನಗೆ ರೂಢಿ. ನೀವು ಹೇಳ್ಬೇಡಿ.” ಆಮೇಲೆ ಹೆಂಗಸರ ಕಡೆ ತಿರುಗಿದರು. “ಇವರು ಕರಮ್‌ದೀನ್. ಹಜಾಮ್ರು. ಕುರ್ಚಿ ಮೇಲೆ ಕೂತಿದ್ದನ್ನ ನಾನು ನೋಡಿಲ್ಲ, ಕುರ್ಚಿ ಮೇಲೆ ಕೂತವರ ಗಡ್ಡ ಹೆರೆಯೋದನ್ನ ನೋಡಿದೀನಿ. ಇದನ್ನ ನನಗೆ ಇವರು ಕಲ್ಸಿದ್ದು.” ಬಲಗೈಯ ಗುಂಡಿ ಬಿಚ್ಚಿ ತೋಳನ್ನು ಮೊಣಕೈವರೆಗೆ ಮಡಿಚಿಕೊಂಡರು. “ಅಬ್ಬಾಜಿ, ಊಟದ ಹೊತ್ತಾಯ್ತು. ದೇಗ್ ತೆಗೀಲಾ?”

ಮುದುಕರು ಮುಖವನ್ನು ಮತ್ತೆ ಕ್ಯಾಮೆರಾಕ್ಕೆ ಹತ್ತಿರ ತಂದರು. ಆಮೇಲೆ, “ಮುಖ ಪಕ್ಕಕ್ಕೆ ಇಟ್ಕೋ ಪುತ್ತರ್, ಹಬೆ ಹೊಡೆಯತ್ತೆ. ಬಿಸ್ಮಿಲ್ಲಾ ಮಾಡು,” ಎಂದರು.

ಮುಚ್ಚಳ ತೆಗೆದಾಗ ಎದ್ದ ವಾಸನೆಗೆ ಅಷ್ಟು ಜನರಲ್ಲಿ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ರಮ್ಶಾಗೆ ಆಗ ಎಲ್ಲವೂ ಅರ್ಥವಾಗಿತ್ತು. ಅವಳು ಮೊದಲ ತಟ್ಟೆಯನ್ನು ತಾಯಿಯ ಕೈಯಿಂದ ತೆಗೆದುಕೊಂಡು ನೇರವಾಗಿ ದಾನಿಯಾಲ್ ಬಳಿಗೆ ಹೋಗಿ ಚಾಚಿದಳು. ಅವನು ಕೈ ಮುಂದೆ ತಂದ. ತಂದವನು ತಾಯಿಯ ಮುಖ ನೋಡಿದ. ತಲತ್ ಹುಬ್ಬನ್ನೂ ಏರಿಸಲಿಲ್ಲ, ಸುಮ್ಮನೆ ನೋಡಿದರು ಅಷ್ಟೇ. ಅವನ ಕೈ ಜೇಬಿಗೆ ಹೋಯಿತು. “ಲೆಟ್ಸ್ ಜಸ್ಟ್ ವೇಟ್ ಅ ಮಿನಿಟ್,” ಎಂದ. ರಮ್ಶಾ ಆ ತಟ್ಟೆಯನ್ನು ತಂದು ನನಗೆ ಕೊಟ್ಟಳು. ಅಷ್ಟು ರುಚಿಯಾದ ಊಟ ನನ್ನ ಗಂಟಲಲ್ಲಿ ಇಳಿಯದೆ ಹೋದದ್ದು ಅದೊಂದೇ ಸಲ.

ಉಳಿದವರಿಗೆ ಚೆನ್ನಾಗಿಯೇ ಇಳಿಯಿತು. ಯಾರೂ ಎದ್ದು ಹೋಗಲಿಲ್ಲ. ಮೊದಮೊದಲು ಕೆಮ್ಮಿದರು, ಕೆರೆದುಕೊಂಡರು, ಆಮೇಲೆ ಸಾಲು ನಿಂತರು. ಎರಡನೇ ಸಲ ಹಾಕಿಸಿಕೊಂಡರು. ಹೋಗುವಾಗ ಫಾಯಿಲ್ ಡಬ್ಬಿಗಳಲ್ಲಿ ತುಂಬಿಸಿಕೊಂಡು, ಕಾರಿನ ಸೀಟಿಗೆ ಎಣ್ಣೆ ಸೋರದ ಹಾಗೆ ಕವರ್ ಕೇಳಿ ಪಡೆದುಕೊಂಡು ಹೋದರು. ಕುಲ ಕೆಡುವುದು ಮದುವೆಯಿಂದ ಮಾತ್ರವಂತೆ, ಮಟನ್‌ನಿಂದ ಕೆಡುವುದಿಲ್ಲವಂತೆ.

ಭಾನುವಾರ ಬೆಳಿಗ್ಗೆ ರಮ್ಶಾ ಉಂಗುರವನ್ನು ಹಫೀಜುಲ್ಲಾ ಕೈಯಲ್ಲಿ ಆಲ್ಡಿಗೆ ವಾಪಸು ಕಳಿಸಿದಳು. ಸೋಮವಾರ ತಲತ್ ಅವರಿಂದ ಮೆಸೇಜ್ ಬಂತು: ಇಸ್ತಿಖಾರಾ ಮಾಡಿದೆ, ಕನಸು ಒಳ್ಳೆಯದು ಬೀಳಲಿಲ್ಲ, ಅಲ್ಲಾಹನ ಇಚ್ಛೆ ಹಾಗಿದ್ದರೆ ನಾವೇನು ಮಾಡೋಣ ಎಂದು. ಇಸ್ತಿಖಾರಾ ಎಂದರೆ ದಾರಿ ತೋರಿಸೆಂದು ದೇವರನ್ನು ಕೇಳುವ ಪ್ರಾರ್ಥನೆ. ತಾವು ಮಾಡಿದ್ದನ್ನೆಲ್ಲ ದೇವರ ತಲೆಗೆ ಕಟ್ಟಲು ಈ ಜನ ಅದನ್ನೂ ಬಿಡಲಿಲ್ಲ. ಉಂಗುರ ವಾಪಸು ಕೈಸೇರಿ ಒಂದು ದಿನವಾದ ಮೇಲೆ ಬಿದ್ದ ಕನಸು ಅದು. ದಾನಿಯಾಲ್ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉದ್ದನೆಯ ಮೆಸೇಜ್ ಒಂದನ್ನು ಇಂಗ್ಲಿಷಿನಲ್ಲಿ ಕಳಿಸಿದ. ರಮ್ಶಾ ಅತ್ತಳು. ಧೀರ ಹುಡುಗಿ, ಅಳಲೇ ಇಲ್ಲ ಎಂದು ಬರೆಯಲು ನನಗೂ ಆಸೆ. ಆದರೆ ಗೋಡೆಯ ಈಚೆಗೆ ಕೇಳುವಷ್ಟು ಅತ್ತಳು. ಚಳಿಗಾಲಕ್ಕೆ ಮುಂಚೆ ಬೇರೆ ರಾಜ್ಯದ ಡರ್ಹಮ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದು ಹೊರಟುಹೋದಳು.

ತಲತ್ ಮೆಸೇಜ್ ಬಂದ ಆ ಸೋಮವಾರವೇ ಖುರ್ಷೀದಾಪಾ ಅವರ ಅಬ್ಬಾಜಿ ಫೋನ್ ಮಾಡಿದರು. ಖುರ್ಷೀದಾಪಾ ಗ್ಯಾರೇಜಿನಲ್ಲಿ ಕೂತು ದೇಗ್ ತಿಕ್ಕುತ್ತಿದ್ದರು, ಫೋನನ್ನು ಡಿಟರ್ಜೆಂಟ್ ಡಬ್ಬಕ್ಕೆ ಒರಗಿಸಿದ್ದರು. ಸಂಬಂಧ ಮುರಿಯಿತೆಂದು ಕೇಳಿ ಮುದುಕರು ಗಡ್ಡ ಸವರಿಕೊಂಡರು.

“ನಾನು ಸರಿಯಾಗೇ ಹೇಳಿದ್ನಲ್ಲ ಪುತ್ತರ್,” ಎಂದರು ಕೊನೆಗೆ. “ಅವರೂ ನಕ್ಕಿದ್ರು. ಕೆಲಸ ಆಗಿತ್ತು. ನೀನ್ಯಾಕೆ ನಡುವೆ ಬಂದೆ?”

“ನೀವು ತೋಳು ಎಳ್ಕೊಂಡ್ರಲ್ಲ ಅಬ್ಬಾಜಿ,” ಎಂದರು ಖುರ್ಷೀದಾಪಾ, ತಿಕ್ಕುವುದನ್ನು ನಿಲ್ಲಿಸದೆ. ನಾನು ಅಲ್ಲಿಂದ ಎದ್ದು ಹೊರಗೆ ಹೋದೆ. ನನಗೆ ಜನರ ಮುಂದೆ ಅಳುವುದು ಇಷ್ಟವಿಲ್ಲ.

ಮರುವರ್ಷದ ರಂಜಾನ್‌ಗೆ ಮಸೀದಿಯವರು ಮತ್ತೆ ಬಂದರು. ನಾಚಿಕೆಯೇ ಇಲ್ಲ! ‘ಜನ ನಿಮ್ಮ ಕೈಯಡುಗೇನೇ ಕೇಳ್ತಾರೆ ಸಿಸ್ಟರ್’ ಎಂದು ಹಲ್ಲು ಗಿಂಜಿದರು. ಹೋಗಬೇಡಿ, ಒಣ ಖರ್ಜೂರ ತಿಂದು ಸಾಯಲಿ ಎಂದೆ. ಖುರ್ಷೀದಾಪಾ ಹೋದರು. “ಉಪವಾಸ ಇದ್ದವರಿಗೆ ಇಲ್ಲ ಅನ್ನೋದನ್ನ ನಮ್ಮಪ್ಪ ಕಲ್ಸಿಲ್ಲ,” ಎಂದರು. ಪಾರ್ಕಿಂಗ್ ಲಾಟ್‌ನಲ್ಲಿ ದೇಗ್ ಎದ್ದಿತು. ಅಜಾನ್ ಆಯಿತು, ನಮಾಜ್ ಆಯಿತು, ಹೆಂಗಸರ ಸಾಲು ತಟ್ಟೆ ಹಿಡಿದು ಬಂತು. ಖುರ್ಷೀದಾಪಾ ತೋಳು ಮಡಿಚಿ, ಸೌಟನ್ನು ದೇಗ್‌ನ ಬಾಯಿಗೆ ಅಡ್ಡ ಇಟ್ಟು ನಿಂತರು.

“ಯಾರು ಕಲ್ಸಿದ್ದು ಅಂತ ಕೇಳಿ,” ಎಂದರು. “ಕೇಳ್ದೇ ಇದ್ರೆ ಬಡ್ಸಲ್ಲ.”

ಸಾಲಿನಲ್ಲಿ ಮೂರನೆಯವರು ತಲತ್. ಮುಂದಿನವರಿಬ್ಬರೂ ನಗುವಂತೆ ಮಾಡಿ ಕೇಳಿದರು, ಉತ್ತರ ಪಡೆದರು, ಕೋರ್ಮಾ ಪಡೆದರು. ತಲತ್ ತಟ್ಟೆ ಚಾಚಿ ಬೇರೆ ಕಡೆ ನೋಡುತ್ತಾ ನಿಂತರು. ಸೌಟು ಏಳಲಿಲ್ಲ. ಹಿಂದಿನಿಂದ ಜನ ತಳ್ಳತೊಡಗಿದರು. ಹಬೆ ತಲತ್ ಅವರ ಮುಖಕ್ಕೇ ಬರುತ್ತಿತ್ತು.

“ಯಾರು ಕಲ್ಸಿದ್ದು, ಖುರ್ಷೀದ್?” ಎಂದರು ಕೊನೆಗೆ, ತಟ್ಟೆಗೆ ಮಾತ್ರ ಕೇಳುವ ದನಿಯಲ್ಲಿ.

“ನಮ್ಮ ಅಬ್ಬಾಜಿ. ಹಜಾಮ್ ಕರಮ್‌ದೀನ್,” ಎಂದು ಇಡೀ ಪಾರ್ಕಿಂಗ್ ಲಾಟ್‌ಗೆ ಕೇಳುವ ಹಾಗೆ ಹೇಳಿ, ಖುರ್ಷೀದಾಪಾ ಒಳ್ಳೆಯ ನಲ್ಲಿಮೂಳೆ ಇರುವ ತುಂಡನ್ನೇ ಹುಡುಕಿ ಅವರ ತಟ್ಟೆಗೆ ಹಾಕಿದರು. ತಲತ್ ಎರಡನೇ ಸಲ ಹಾಕಿಸಿಕೊಳ್ಳಲು ಬಂದಾಗಲೂ ಕೇಳಬೇಕಾಯಿತು.